ಗವರ್ನರ್ ಆಲ್ಟ್‌ಗೆಲ್ಡರ ಕ್ಷಮಾದಾನ ಪತ್ರ

ಅಮೆರಿಕದ ಇಲಿನಾಯ್ ರಾಜ್ಯದ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ 1893ರ ಜೂನ್ 26ರಂದು ಜೋಲಿಯೆಟ್ ಸೆರೆಮನೆಯ ಮೂವರು ಕೈದಿಗಳಿಗೆ ಕ್ಷಮಾದಾನ ನೀಡಿದರು. ಅವರ ರಾಜಕೀಯ ಜೀವನದ ಕೀರ್ತಿ, ಅಪಕೀರ್ತಿಗಳೆರಡಕ್ಕೂ ಅದೇ ಮೂಲವಾಯಿತು.

1847ರಲ್ಲಿ ಜರ್ಮನಿಯಲ್ಲಿ ಜನಿಸಿ ಕೈಗೂಸಾಗಿ ಓಹಾಯೋಗೆ ಬಂದ ಆಲ್ಟ್‌ಗೆಲ್ಡ್ ಬಡ ಕುಟುಂಬದವರು. ಅಂತರ್ಯುದ್ಧದಲ್ಲಿ ಸೈನಿಕ, ಬಳಿಕ ಶಿಕ್ಷಕ, ವಕೀಲ, ನ್ಯಾಯಾಧೀಶ. ಷಿಕಾಗೋದ ಭೂವ್ಯವಹಾರದಿಂದ ಸಿರಿವಂತ. ದಂಡವ್ಯವಸ್ಥೆ ಬಡವರನ್ನೇ ಅರೆಯುತ್ತದೆಂದು 1884ರಲ್ಲಿಯೇ ಗ್ರಂಥವೊಂದನ್ನು ಬರೆದಿದ್ದರು. 1892ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಗವರ್ನರರಾಗಿ ಚುನಾಯಿತರಾದರು.

1886ರ ಮೇ 4ರಂದು ಷಿಕಾಗೋದ ಹೇಮಾರ್ಕೆಟ್ ಚೌಕದಲ್ಲಿ ಕಾರ್ಮಿಕರ ಸಭೆಯನ್ನು ಚದುರಿಸಲು ಬಂದ ಪೊಲೀಸರ ಮೇಲೆ ಬಾಂಬು ಬಿದ್ದಿತ್ತು. ಎಸೆದವನಾರೆಂಬುದು ಇಂದಿಗೂ ನಿಶ್ಚಿತವಾಗಿಲ್ಲ. ಆದರೂ ಎಂಟು ಮಂದಿ ಅರಾಜಕತಾವಾದಿಗಳು ತಪ್ಪಿತಸ್ಥರೆನಿಸಿದರು. 1887ರಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಒಬ್ಬನು ಹಿಂದಿನ ದಿನವೇ ಸೆರೆಯಲ್ಲಿ ಪ್ರಾಣ ಕಳೆದುಕೊಂಡನು. ಉಳಿದವರೇ ಫೀಲ್ಡನ್, ಶ್ವಾಬ್ ಮತ್ತು ನೀಬೆ.

ಇವರು ಅನುಭವಿಸಿದ ಶಿಕ್ಷೆ ಸಾಕು, ದಯೆ ತೋರಬೇಕು ಎಂದು ನಗರದ ಗಣ್ಯರೂ ಸಹಿಹಾಕಿ ಬೇಡಿದ್ದರು. ದಯೆಯ ಹೆಸರಿನಲ್ಲಿ ಎರಡು ಸಾಲು ಬರೆದಿದ್ದರೆ ಗವರ್ನರರಿಗೆ ಅಷ್ಟೇನೂ ಹಾನಿಯಾಗುತ್ತಿರಲಿಲ್ಲ. ಅವರಾದರೋ ಮೊಕದ್ದಮೆಯ ಕಡತಗಳನ್ನೆಲ್ಲ ಓದಿ, ದೀರ್ಘವಾದ ಪ್ರತಿತೀರ್ಪನ್ನೇ ಬರೆದರು. ವಿಚಾರಣೆ ನ್ಯಾಯವಾಗಿ ನಡೆದಿದ್ದರೆ ತಾನು ಕೈಹಾಕುವ ಕಾರಣವೇ ಇಲ್ಲವೆಂಬುದು ಅವರ ವಾದದ ತಳಹದಿ. ಜ್ಯೂರಿಯನ್ನು ಆರಿಸಿದ ಬಗೆಯೇ ಕುಟಿಲವಾದುದು, ಬಾಂಬು ಎಸೆದವನಿಗೂ ಆರೋಪಿಗಳಿಗೂ ಸಂಬಂಧ ರುಜುವಾತಾಗಿಲ್ಲ, ನ್ಯಾಯಾಧೀಶ ಗ್ಯಾರಿ ಪಕ್ಷಪಾತಿ ಎಂದು ಒಂದೊಂದಾಗಿ ತೋರಿಸಿದರು. ಗ್ಯಾರಿಯವರ ಕುರಿತ ಮಾತುಗಳಲ್ಲಿ ಕಹಿ ತುಸು ಹೆಚ್ಚೆಂದು ಮಿತ್ರರಿಗೂ ಅನಿಸಿತು. ಆದರೆ ದಯೆ ತೋರಿದ್ದರೆ ಕೈದಿಗಳು ಹೊರಬರುತ್ತಿದ್ದರೇ ವಿನಾ ತೀರ್ಪು ಅಲುಗುತ್ತಿರಲಿಲ್ಲ; ಗಲ್ಲಿಗೇರಿದವರ ಪ್ರಶ್ನೆಯಂತೂ ಏಳುತ್ತಲೇ ಇರಲಿಲ್ಲ. ಪತ್ರಿಕೆಗಳು ಕೆರಳಿದ್ದು ಇದರಿಂದಲೇ. ಗವರ್ನರರನ್ನೇ ಅರಾಜಕತಾವಾದಿಯೆಂದು, ಪರದೇಶಿಯೆಂದು ಜರೆದವು.

ಮರುವರ್ಷ ಪುಲ್‌ಮನ್ ಮುಷ್ಕರದಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ರಾಜ್ಯವು ಕೇಳದೆಯೇ ಷಿಕಾಗೋಗೆ ಸೇನೆ ಕಳುಹಿಸಿದಾಗ, ತಮ್ಮದೇ ಪಕ್ಷದ ಆ ಅಧ್ಯಕ್ಷರನ್ನು ಆಲ್ಟ್‌ಗೆಲ್ಡ್ ತಂತಿಗಳ ಮೂಲಕ ಪ್ರತಿಭಟಿಸಿದರು. ಅವರ ಕಾಲದ ಕಾರ್ಖಾನೆ ಕಾಯಿದೆ ಸ್ತ್ರೀಯರಿಗೆ ದಿನಕ್ಕೆ ಎಂಟು ಗಂಟೆಗಳ ದುಡಿಮೆಯ ಮಿತಿಯನ್ನು ವಿಧಿಸಿತ್ತು; 1895ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಮಿತಿಯನ್ನು ರದ್ದುಗೊಳಿಸಿತು. 1896ರಲ್ಲಿ ಅವರು ಸೋತರು; ಸಂಪತ್ತೂ ಕರಗಿತು. ವಿದೇಶದಲ್ಲಿ ಜನಿಸಿದವರಾದ್ದರಿಂದ ಅಧ್ಯಕ್ಷ ಪದವಿಗೆ ಮೊದಲೇ ದಾರಿಯಿರಲಿಲ್ಲ. 1902ರ ಮಾರ್ಚಿಯಲ್ಲಿ ದಕ್ಷಿಣ ಆಫ್ರಿಕದ ಬೋಯರರ ಪರವಾಗಿ ಭಾಷಣ ಮಾಡಿ ಕುಸಿದ ಅವರು ಮರುದಿನ ತೀರಿಕೊಂಡರು. ಆ ಸಭೆ ನಡೆದ ಊರು ಜೋಲಿಯೆಟ್.