ಚಂದಮಾಮ, ಚಾಂದೋಬಾ ಮತ್ತು ನಮ್ಮ ಮಕ್ಕಳು

ನಾಶಿಕ್‌ನಲ್ಲಿ ನನ್ನ ಮಗಳು, ಛತ್ರಪತಿ ಸಂಭಾಜಿನಗರದಲ್ಲಿ ತಂಗಿಯ ಮಗ, ಇಬ್ಬರಿಗೂ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಊರಲ್ಲಿರುವ ಅಜ್ಜಿಗೆ ಮರಾಠಿ ಬಾರದು. ಫೋನಿನಲ್ಲಿ ಮೊಮ್ಮಕ್ಕಳ ಮಾತನ್ನು ನಾವೇ ಅನುವಾದಿಸಬೇಕು. 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಅದು ಚೆನ್ನಾಗಿಯೇ ಬರುತ್ತದೆ. ಇವರ ಶಾಲೆಗಳಲ್ಲಿ ಕನ್ನಡವಿಲ್ಲ. ಹಾಗಾಗಿ ಕನ್ನಡ ಕಲಿಯಲು ಉಳಿದಿರುವ ಜಾಗ ಅಪ್ಪ-ಅಮ್ಮನ ತೊಡೆಯೊಂದೇ.

ಈ ನೆಲಕ್ಕೆ ಕನ್ನಡ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿಯಾಗಿ ಹೇಳಿದ್ದು ನಮ್ಮ ನಾಶಿಕ್‌ನ ಗೋದಾವರಿಯನ್ನೇ. ಸಂಭಾಜಿನಗರದ ಬಳಿಯ ಎಲ್ಲೋರದ ಕೈಲಾಸ ದೇವಾಲಯ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು. ಆಗ ಔರಂಗಾಬಾದ್ ಎನ್ನುತ್ತಿದ್ದ ಆ ಜಿಲ್ಲೆಯೂ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು.

ಎರಡು ಭಾಷೆಯಲ್ಲಿ ಓದುವುದಕ್ಕೂ ನಮ್ಮಲ್ಲೇ ಒಳ್ಳೆಯ ಉದಾಹರಣೆಯಿದೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈನಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಚಂದಮಾಮ ಆರಂಭಿಸಿದರು. 1949ರಲ್ಲಿ ಅದು ಕನ್ನಡಕ್ಕೆ ಬಂತು. 1952ರಲ್ಲಿ 'ಚಾಂದೋಬಾ' ಎಂಬ ಹೆಸರಿನಿಂದ ಮರಾಠಿಗೆ. ಹೆಗಲ ಮೇಲೆ ಶವ ಹೊತ್ತು ನಡೆಯುವ ವಿಕ್ರಮ ಎರಡರಲ್ಲೂ ಇದ್ದ. ಅಕ್ಷರ ಬೇರೆ, ಕಥೆ ಒಂದೇ. ಒಂದು ಭಾಷೆಯಲ್ಲಿ ಕಥೆ ಗೊತ್ತಿದ್ದರೆ ಮಗು ಇನ್ನೊಂದರಲ್ಲಿ ಪದಗಳನ್ನು ತಾನೇ ಊಹಿಸುತ್ತದೆ.

ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆ ಎನ್ನುವವರಿದ್ದಾರೆ. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟರು. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳು ತಲೆಮಾರುಗಳಿಂದ ಅವರ ಹಾಡು ಹಾಡುತ್ತಿದ್ದಾರೆ.

ಇಂದು ನಮಗೆ ಮೊಬೈಲಿನಲ್ಲೇ ಅನುಕೂಲವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಎಷ್ಟೋ ಕಥೆಗಳು ಕನ್ನಡ, ಮರಾಠಿ ಎರಡರಲ್ಲೂ ಉಚಿತವಾಗಿ ಸಿಗುತ್ತವೆ. ನಾವು ಮೊದಲು ಮರಾಠಿಯಲ್ಲಿ ಓದುತ್ತೇವೆ, ಮರುದಿನ ಅದೇ ಕಥೆಯನ್ನು ಕನ್ನಡದಲ್ಲಿ. ಚಿತ್ರದ ಮೇಲೆ ಬೆರಳಿಟ್ಟು "ಇದೇನು ಪುಟ್ಟಿ?" ಎಂದು ಕೇಳುತ್ತೇನೆ. ಅವಳು "ಹತ್ತಿ" ಎಂದರೆ ಬೈಯುವುದಿಲ್ಲ, "ಹೌದು, ಆನೆ!" ಎಂದು ಮುಂದಕ್ಕೆ ಓದುತ್ತೇನೆ. ನಾಲ್ಕನೆಯ ಸಲಕ್ಕೆ ಅವಳೇ "ಆನೆ" ಎನ್ನುತ್ತಾಳೆ.

ಗೆಳತಿಯರೇ, ದಿನಕ್ಕೆ ಹತ್ತು ನಿಮಿಷ ಸಾಕು. ನಿಮ್ಮ ತವರಿನ ಅಟ್ಟದ ಮೇಲೆ ಹಳೆಯ ಚಂದಮಾಮಗಳಿದ್ದರೆ ರದ್ದಿಗೆ ಹಾಕಬೇಡಿ. ಮುಂದಿನ ಸಲ ಬರುವಾಗ ಚೀಲದಲ್ಲಿ ಹಾಕಿಕೊಂಡು ಬನ್ನಿ.