ಎಲ್ಲೋರದ ತಾಮ್ರಚಿತ್ರಗಳು: ವೇಲ್ಸ್‌ನ ರೇಖೆ, ಡ್ಯಾನಿಯೆಲ್‌ನ ಕೆತ್ತನೆ

ಎಲ್ಲೋರದ ಗುಹಾಲಯಗಳ 24 ಮುದ್ರಿತ ಚಿತ್ರಗಳ ಸಂಪುಟವೊಂದು 1803ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಸ್ಥಳದಲ್ಲಿ ನಿಂತು ಚಿತ್ರ ಬರೆದವನು ಜೇಮ್ಸ್ ವೇಲ್ಸ್. ಅವುಗಳನ್ನು ತಾಮ್ರದ ಹಲಗೆಗೆ ಏರಿಸಿದ್ದು ಥಾಮಸ್ ಡ್ಯಾನಿಯೆಲ್ ಮತ್ತು ಅವನ ಉಸ್ತುವಾರಿಯ ಕೆಲಸಗಾರರು. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಕೈಲಾಸನಾಥ ದೇವಾಲಯವೂ ಈ ಸಂಪುಟದಲ್ಲಿದೆ.

ಠಾಣೆಯ ನಂಟು

ಸ್ಕಾಟ್ಲೆಂಡಿನ ಪೀಟರ್‌ಹೆಡ್‌ನಲ್ಲಿ 1747ರಲ್ಲಿ ಹುಟ್ಟಿದ ವೇಲ್ಸ್ ಮುಂಬಯಿಗೆ ಬಂದದ್ದು 1791ರಲ್ಲಿ. ಪುಣೆಯ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮಾಲೆಟ್ ಅವನ ಆಶ್ರಯದಾತ. ಸವಾಯಿ ಮಾಧವರಾವ್ ಪೇಶ್ವೆ, ನಾನಾ ಫಡ್ನವಿಸ್, ಮಹಾದಜಿ ಶಿಂಧೆ ಅವರ ಭಾವಚಿತ್ರಗಳನ್ನು ವೇಲ್ಸ್ ಬರೆದ. ಥಾಮಸ್ ಡ್ಯಾನಿಯೆಲ್ ಮತ್ತು ಅವನ ಸೋದರನ ಮಗ ವಿಲಿಯಂ 1793ರಲ್ಲಿ ಮುಂಬಯಿಗೆ ಬಂದಾಗ ಸುತ್ತಲಿನ ಗುಹೆಗಳನ್ನು ಅವರಿಗೆ ತೋರಿಸಿದವನೂ ಇವನೇ. ವೇಲ್ಸ್ 1795ರ ನವೆಂಬರಿನಲ್ಲಿ ಠಾಣೆಯಲ್ಲಿ ತೀರಿಕೊಂಡನೆಂದು ಅವನ ಜೀವನವೃತ್ತಾಂತಗಳು ಹೇಳುತ್ತವೆ. ಎಲ್ಲೋರದ ಚಿತ್ರಗಳು ಆಗಿನ್ನೂ ಅಚ್ಚಾಗಿರಲಿಲ್ಲ.

ಚಿತ್ರಗಳು ಲಂಡನ್ನಿಗೆ

ಮಾಲೆಟ್ 1799ರಲ್ಲಿ ವೇಲ್ಸ್‌ನ ಮಗಳು ಸುಸಾನಾಳನ್ನು ಮದುವೆಯಾದ. ಮಾವನ ಚಿತ್ರಗಳು ಪುಸ್ತಕವಾಗಿ ಬರಲು ಈ ಸಂಬಂಧ ನೆರವಾಯಿತು. ಡ್ಯಾನಿಯೆಲ್‌ರ ಪ್ರಸಿದ್ಧ ‘ಓರಿಯೆಂಟಲ್ ಸೀನರಿ’ ಮಾಲೆಯ ಒಟ್ಟು 144 ಚಿತ್ರಗಳಲ್ಲಿ ಈ 24 ಕೂಡ ಸೇರಿವೆ.

ತಾಮ್ರದ ಮೇಲೆ ಆಮ್ಲದ ಕೆಲಸ

ಎಚಿಂಗ್ ವಿಧಾನದಲ್ಲಿ ತಾಮ್ರದ ಹಲಗೆಗೆ ಮೇಣ, ರಾಳ ಬೆರೆತ ಲೇಪ ಹಚ್ಚಿ, ಸೂಜಿಯಿಂದ ರೇಖೆ ಗೀರುತ್ತಾರೆ. ಹಲಗೆಯನ್ನು ಆಮ್ಲದಲ್ಲಿ ಅದ್ದಿದರೆ ಲೇಪ ಹೋದ ಕಡೆ ಮಾತ್ರ ಲೋಹ ಕರಗಿ ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ನಿಂತ ಶಾಯಿಯೇ ಒದ್ದೆ ಕಾಗದಕ್ಕೆ ಇಳಿಯುವುದು.

ಗುಹೆಯೊಳಗಿನ ಕತ್ತಲೆಗೆ ಬರೀ ಗೆರೆ ಸಾಲದು. ಅದಕ್ಕೆ ಡ್ಯಾನಿಯೆಲ್ ಬಳಸಿದ್ದು ಅಕ್ವಾಟಿಂಟ್. ರಾಳದ ಪುಡಿಯನ್ನು ಹಲಗೆಯ ಮೇಲೆ ಉದುರಿಸಿ ಕಾಯಿಸಿದರೆ ಅದು ಸಣ್ಣ ಚುಕ್ಕಿಗಳಾಗಿ ಅಂಟಿಕೊಳ್ಳುತ್ತದೆ; ಚುಕ್ಕಿಗಳ ನಡುವೆ ಆಮ್ಲ ಇಳಿಯುತ್ತದೆ. ತಿಳಿಯಾಗಿ ಉಳಿಯಬೇಕಾದ ಭಾಗಕ್ಕೆ ವಾರ್ನಿಷ್ ಬಳಿದು, ಮಿಕ್ಕದ್ದನ್ನು ಮತ್ತೆ ಮತ್ತೆ ಅದ್ದಿದಷ್ಟೂ ನೆರಳು ದಟ್ಟವಾಗುತ್ತದೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಮೂಲಚಿತ್ರವನ್ನು ಹಲಗೆಯ ಮೇಲೆ ತಿರುವಿ ಮೂಡಿಸಬೇಕು. ಅಚ್ಚಾದ ಹಾಳೆಗೆ ಬಳಿಕ ಕೈಯಿಂದ ಬಣ್ಣ ತುಂಬುತ್ತಿದ್ದರು.

ಯಾರ ಕೃತಿ?

ಅಂದಿನ ಅಚ್ಚುಚಿತ್ರಗಳ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಹೆಸರು ಕಾಣುತ್ತವೆ. ‘ಡೆಲಿನ್’ ಎಂಬ ಗುರುತು ಚಿತ್ರ ಬರೆದವನದು, ‘ಸ್ಕಲ್ಪ್’ ಎಂಬುದು ಕೆತ್ತಿದವನದು. ಎಲ್ಲೋರದ ಸಂಪುಟದ ಶೀರ್ಷಿಕೆಪುಟವೂ ವೇಲ್ಸ್‌ನ ಚಿತ್ರಗಳಿಂದ ಡ್ಯಾನಿಯೆಲ್ ಕೆತ್ತಿಸಿದ್ದೆಂದು ಸ್ಪಷ್ಟವಾಗಿ ಸಾರುತ್ತದೆ. ನಿಂತ ಜಾಗ, ನೋಟದ ಕೋನ, ಕಂಬಗಳ ಅಳತೆ ವೇಲ್ಸ್‌ನವು. ನೆರಳು ಬೆಳಕಿನ ಹದ ಕೆತ್ತುವವನದು. ಆದ್ದರಿಂದ ಇವನ್ನು ಡ್ಯಾನಿಯೆಲ್ ಚಿತ್ರಗಳೆಂದಷ್ಟೇ ಕರೆದರೆ ಅರ್ಧ ಮಾತಾಗುತ್ತದೆ.

ಪುಣೆಯ ಗಂಗಾರಾಮ

ವೇಲ್ಸ್‌ನೊಡನೆ ಕೆಲಸ ಮಾಡಿದ ಪುಣೆಯ ಕಲಾವಿದ ಗಂಗಾರಾಮ ಚಿಂತಾಮಣ ತಾಂಬಟನೂ ಮಾಲೆಟ್‌ಗಾಗಿ ಎಲ್ಲೋರದ ಚಿತ್ರಗಳನ್ನು ಬರೆದಿದ್ದ. ಅಮೆರಿಕದ ಯೇಲ್ ಬ್ರಿಟಿಷ್ ಕಲಾಕೇಂದ್ರದಲ್ಲಿ ಅವನ ಚಿತ್ರಗಳಿವೆ. 1803ರ ಶೀರ್ಷಿಕೆಪುಟದಲ್ಲಿ ಅವನ ಹೆಸರಿಲ್ಲ. ಆ ಕಾಲದ ಎಲ್ಲೋರದ ಚಿತ್ರಣವನ್ನು ಅಧ್ಯಯನ ಮಾಡುವವರು ಇಂದು ಮೂವರ ಕೆಲಸವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ.