ಆಲಮಟ್ಟಿಯ ನೀರಂಚು

ಸಮುದ್ರದಿಂದ ಬಹುದೂರವಿರುವ ಆಲಮಟ್ಟಿಯ ಸೀಮೆಗೂ ಒಂದು ತೀರರೇಖೆಯುಂಟು. ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳಿಂದ ಶಂಕುಸ್ಥಾಪನೆ ಹೊಂದಿದ ಅಣೆಕಟ್ಟು ಕೃಷ್ಣೆಯನ್ನು ತಡೆದು ನಿಲ್ಲಿಸಿದ ಮೇಲೆ ಹೊಳೆಯ ದಂಡೆಯು ಜಲಾಶಯದ ತೀರವಾಯಿತು. ಹಳೆಯ ಬಾಗಲಕೋಟೆಯ ಹಲವು ಕೇರಿಗಳು ಮುಳುಗಿದವು. ಎತ್ತರದ ದಿಣ್ಣೆಗಳು ನಡುಗಡ್ಡೆಗಳಾದವು.

ಈ ತೀರವನ್ನು ನಕಾಶೆಯಲ್ಲಿ ಗುರುತಿಸುವ ಬಗೆಯು ವಿಚಾರಯೋಗ್ಯವಾದುದು. ಸಮುದ್ರಮಟ್ಟದಿಂದ ಸಮಾನ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸಿ ಗೆರೆಯೆಳೆಯುವರು. ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿ ೫೧೯.೬ ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ೨೦೧೦ರಲ್ಲಿ ೫೨೪.೨೫೬ ಮೀಟರಿಗೆ ಸಮ್ಮತಿಯಿತ್ತಿತು. ಅಂತರವು ಐದು ಮೀಟರಿಗೂ ಕಡಿಮೆ. ಆದರೆ ಇಳಿಜಾರು ಅಲ್ಪವಾದ ಎರೆಯ ಬಯಲಿನಲ್ಲಿ ನೀರು ಒಂದು ಮೊಳ ಏರಿದರೆ ಅಂಚು ಬಹುದೂರ ಸರಿಯುವದು.

ನಕಾಶೆಯ ಗೆರೆ ನಿಶ್ಚಲ, ನೀರು ಹಾಗಲ್ಲ. ಸಹ್ಯಾದ್ರಿಯ ಮಳೆಯಿಂದ ಮುಂಗಾರಿನಲ್ಲಿ ತುಂಬಿದ ಜಲಾಶಯವು ಬೇಸಗೆಗೆ ಹಿಂಜರಿಯುವದು. ಆಗ ತೆರೆದ ನೆಲದಲ್ಲಿ ಹುಲ್ಲು ಚಿಗುರುವದು. ಕುರುಬರು ಕುರಿಗಳನ್ನು ಹೊಡೆದುಕೊಂಡು ಬಂದು ಹಟ್ಟಿ ಹಾಕುವರು. ಮೀನುಗಾರರ ಗುಡಿಸಲುಗಳು ನೀರಿನ ಹಿಂದೆಯೇ ಇಳಿಯುವವು. ಮಳೆ ಬಂದೊಡನೆ ಎಲ್ಲವೂ ಮತ್ತೆ ಮೇಲಕ್ಕೆ. ಇಂಥ ಋತುವಾಸಕ್ಕೆ ನಕಾಶೆಯಲ್ಲಿ ಗುರುತಿಲ್ಲ.

ಈ ಕೊರತೆಯು ಹೊಸದಲ್ಲ. ೧೮೩೫ರಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬವರು ಆರಂಭಿಸಿದ ಭೂಮಾಪನವು ಮುಂದೆ ಈ ನಾಡಿಗೂ ಬಂದಿತು. ಹೊಲಕ್ಕೊಂದು ನಂಬರು, ಎಲ್ಲೆಗೊಂದು ಕಲ್ಲು, ಮಣ್ಣಿನ ಗುಣಕ್ಕೆ ತಕ್ಕ ಆಕಾರ, ಇದು ಅದರ ಕ್ರಮ. ಸುಗ್ಗಿ ತೀರಿದ ಹೊಲದಲ್ಲಿ ಕುರಿ ತರುಬಿ ಗೊಬ್ಬರವಿತ್ತು ಕಾಳು ಪಡೆಯುವ ಕುರುಬನಿಗೆ ಆ ದಫ್ತರದಲ್ಲಿ ಸ್ಥಳ ದೊರೆಯಲಿಲ್ಲ. ತೆರಿಗೆಯ ಕಣ್ಣಿಗೆ ನಿಂತ ಒಕ್ಕಲು ಕಂಡಿತು. ನಡೆಯುವ ಒಕ್ಕಲು ಕಾಣಲಿಲ್ಲ.

೧೮೯೪ರ ಭೂಸ್ವಾಧೀನ ಕಾಯಿದೆಯ ಪರಿಹಾರವು ಮುಖ್ಯವಾಗಿ ಭೂಮಿಯಲ್ಲಿ ಹಕ್ಕುಳ್ಳವರನ್ನು ಕುರಿತದ್ದಾಗಿತ್ತು. ೨೦೧೩ರ ಕಾಯಿದೆಯು ಮೂರು ವರ್ಷಗಳಿಂದ ಜಲಾಶ್ರಯದಿಂದಲೇ ಮುಖ್ಯವಾಗಿ ಜೀವಿಸುತ್ತ ಬಂದ ಮೀನುಗಾರರನ್ನೂ ಅಂಬಿಗರನ್ನೂ ಬಾಧಿತ ಕುಟುಂಬಗಳಲ್ಲಿ ಹೆಸರಿಸಿರುವದು. ಕುರುಬರ ಹೆಸರು ಅಲ್ಲಿ ಬಂದಿಲ್ಲ. ಹೆಸರು ಬಂದವರಿಗೂ ತಾವು ಅಲ್ಲಿ ಬಾಳಿದ್ದಕ್ಕೆ ಸಾಕ್ಷಿ ಬೇಕು. ಆದುದರಿಂದ ಮುಂದಿನ ಗೆರೆಯನ್ನು ಎಳೆಯುವ ಮೊದಲು ಹಟ್ಟಿ, ಗುಡಿಸಲು, ದೋಣಿಗಟ್ಟೆಗಳನ್ನು ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಬರೆದಿಡುವದು ಅವಶ್ಯ. ನೀರು ಏರಿದ ಮೇಲೆ ಆ ನೆಲವನ್ನು ಯಾರಿಂದಲೂ ಅಳೆಯಲಾಗದು.